ದುಸ್ಸಾಧ್ಯ ಅದಿರು ಮತ್ತು ಹಳೆಯ ಚಿನ್ನದ ಕುಳಿಗಳು

ಪ್ರಾಚೀನ ಕರ್ನಾಟಕದ ಚಿನ್ನದ ಗಣಿಗಳನ್ನು ಕುರಿತು ಬರೆದವರೆಲ್ಲರೂ ಕಡೆಗೆ ಒಂದು ಪ್ರಶ್ನೆಯ ಬಳಿಗೆ ಬಂದು ನಿಲ್ಲುತ್ತಾರೆ. ನಮ್ಮ ಪೂರ್ವಿಕರು ಚಿನ್ನವಿದ್ದ ನೆಲವನ್ನು ಗುರುತಿಸಿದರು, ಅಗೆದರು, ಕೆಲವೆಡೆ ಇಂದಿನವರೂ ಬೆರಗಾಗುವಷ್ಟು ಆಳಕ್ಕೆ ಇಳಿದರು, ಆಮೇಲೆ ಯಾವುದೋ ಒಂದು ಹಂತದಲ್ಲಿ ಕೆಲಸವನ್ನು ನಿಲ್ಲಿಸಿ ಹೊರಟುಹೋದರು. ನಿಲ್ಲಿಸಿದುದೇಕೆ? ರೂಢಿಯಾಗಿ ಬಂದಿರುವ ಉತ್ತರವು ರಾಜಕೀಯವಾದುದು: ಪೋಷಿಸುತ್ತಿದ್ದ ರಾಜವಂಶವು ಕ್ಷೀಣಿಸಿತು, ದಂಡಯಾತ್ರೆಗಳು ನಡೆದುವು, ಕೆಲಸಕ್ಕೆ ಜನ ದೊರೆಯದೆ ಗಣಿಯು ಪಾಳುಬಿದ್ದಿತು. ನಾವೂ ತರಗತಿಗಳಲ್ಲಿ ಅನೇಕ ವರ್ಷ ಇದನ್ನೇ ಪಾಠ ಹೇಳಿದ್ದೇವೆ. ಆ ಉತ್ತರವನ್ನು ಸುಳ್ಳೆಂದು ಸಾಧಿಸುವ ಹಂಬಲ ನಮಗಿಲ್ಲ. ಆದರೆ ಎಲ್ಲ ಕುಳಿಗಳಿಗೂ ಅದು ಒಪ್ಪುವುದಿಲ್ಲವೆಂದೂ, ಕೆಲವೆಡೆ ಗಣಿಗಾರನನ್ನು ಹಿಂದಿರುಗಿಸಿದುದು ಅದಿರಿನ ಸ್ವಭಾವವೇ ಆಗಿರಬಹುದೆಂದೂ ಈಚೆಗೆ ನಮಗೆ ತೋರತೊಡಗಿದೆ. ಈ ವಿಚಾರಕ್ಕೆ ನಮ್ಮನ್ನು ಎಳೆದುತಂದುದು ಶಾಸನವೊಂದರ ಹೊಸ ಪಾಠವಲ್ಲ; ಲೋಹವಿಜ್ಞಾನಿಗಳು ಕಳೆದ ನಾಲ್ಕೈದು ದಶಕಗಳಲ್ಲಿ ರೂಢಿಸಿರುವ ಒಂದು ವಿಧಾನ, ಎಂದರೆ ಬ್ಯಾಕ್ಟೀರಿಯಾಗಳ ಸಹಾಯದಿಂದ ಚಿನ್ನವನ್ನು ಕಲ್ಲಿನಿಂದ ಬಿಡಿಸುವ ವಿಧಾನ.

ಹೊಯ್ಸಳರ ನಾಡಿನಲ್ಲಿ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಚಿನ್ನದ ಪ್ರಶ್ನೆಯು ದೂರದ್ದೇನೂ ಅಲ್ಲ. ಬೇಲೂರು, ಹಳೇಬೀಡು, ಅರಸೀಕೆರೆಗಳ ಸುತ್ತಿನ ಶಾಸನಗಳನ್ನು 1902ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಸಂಪುಟದಲ್ಲಿ ತೆರೆದು ನೋಡಿದರೆ, ದತ್ತಿಯಾಗಲಿ ತೆರಿಗೆಯಾಗಲಿ ಭೂಮಿಯ ಬೆಲೆಯಾಗಲಿ ಗದ್ಯಾಣ ಹಣಗಳ ಲೆಕ್ಕದಲ್ಲಿಯೇ ಬರುತ್ತದೆ. ವಿಷ್ಣುವರ್ಧನನು ಹೊಡೆಸಿದ ಚಿನ್ನದ ನಾಣ್ಯಗಳ ಮೇಲೆ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬ ಬಿರುದುಗಳು ಕನ್ನಡದಲ್ಲಿಯೇ ಇವೆ. ಈ ಚಿನ್ನವೆಲ್ಲ ಇದೇ ನೆಲದಿಂದ ಬಂದುದೆಂದು ಹೇಳುವುದು ಸಾಹಸ. ನಾಣ್ಯಕ್ಕೆ ಬಂದ ಚಿನ್ನವು ಅದಕ್ಕೆ ಮುಂಚೆ ಹತ್ತು ಸಲ ಕರಗಿರುತ್ತದೆ, ಕಪ್ಪವಾಗಿ ಬಂದುದನ್ನೂ ವ್ಯಾಪಾರದಿಂದ ಬಂದುದನ್ನೂ ಬೇರ್ಪಡಿಸಿ ತೋರಿಸುವ ಉಪಾಯವಿಲ್ಲ. ಆದರೆ ಒಂದು ಮಾತು ನಿಶ್ಚಯ. ಬೇಲೂರಿನ ಶಿಲ್ಪಿಗಳು ಮದನಿಕೆಯರನ್ನು ಕಡೆದ ಬಳಪದ ಕಲ್ಲೂ ಕರ್ನಾಟಕದ ಚಿನ್ನವೂ ಸಂಬಂಧಿಕರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ‘ಧಾರವಾಡ’ ಎಂದು ಹೆಸರಿಟ್ಟ ಅತಿ ಪುರಾತನ ಶಿಲಾವರ್ಗದ ಪಟ್ಟೆಗಳಲ್ಲಿಯೇ ಎರಡೂ ದೊರೆಯುತ್ತವೆ. ಹಾಸನ ಜಿಲ್ಲೆಯಲ್ಲಿ ನುಗ್ಗೇಹಳ್ಳಿಯ ಪಟ್ಟೆ ಇಂಥದೊಂದು. ನುಗ್ಗೇಹಳ್ಳಿಯೆಂದರೆ ಚರಿತ್ರೆಯ ವಿದ್ಯಾರ್ಥಿಗೆ 1246ರ ಲಕ್ಷ್ಮೀನರಸಿಂಹ ದೇವಾಲಯ ನೆನಪಾಗುತ್ತದೆ. ಭೂವಿಜ್ಞಾನಿಗೆ ಬೈರಾಪುರದ ಕ್ರೋಮೈಟ್ ಗಣಿಯೂ ಕೆಂಪಿನಕೋಟೆಯ ಹಳೆಯ ಚಿನ್ನದ ಕುಳಿಗಳೂ ನೆನಪಾಗುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಿಬಿಡುವುದು ಉಚಿತ. ಕೆಂಪಿನಕೋಟೆಯ ಹೆಸರಿನಲ್ಲಿ ‘ಕೆಂಪು’ ಇದೆಯೆಂದೂ, ಹೊನ್ನಾಳಿಯ ಹೆಸರಿನಲ್ಲಿ ‘ಹೊನ್ನು’ ಇದೆಯೆಂದೂ ಗಣಿಯ ಚರಿತ್ರೆಯನ್ನು ಕಟ್ಟಲು ಹೊರಡುವ ಉತ್ಸಾಹಿಗಳು ನಮ್ಮಲ್ಲಿ ಕಡಮೆಯಿಲ್ಲ. ಹೊನ್ನಾಳಿಯ ಸುತ್ತ ಚಿನ್ನ ಉಂಟೆಂಬುದು ಸತ್ಯವೇ. ಆದರೆ ಸ್ಥಳನಾಮವನ್ನು ಅಗೆದು ಚಿನ್ನ ತೆಗೆದವರು ಯಾರೂ ಇಲ್ಲ.

ನಮ್ಮ ವಿಚಾರವು ಮೊದಲಾದುದು ಚಿನ್ನದ ಚರಿತ್ರೆಯಲ್ಲಿ ಹೆಸರೇ ಇಲ್ಲದ ಅರೇಹಳ್ಳಿಯಲ್ಲಿ. ಬೇಲೂರು ತಾಲ್ಲೂಕಿನ ಈ ಹೋಬಳಿಯು ಕಾಫಿಯ ಸೀಮೆ. ಕೊಯ್ಲಿನ ದಿನಗಳಲ್ಲಿ ವಿಭಾಗದ ವಿದ್ಯಾರ್ಥಿಗಳೊಡನೆ ವೀರಗಲ್ಲುಗಳನ್ನು ನೋಡಲು ಹೋದಾಗ, ಒಂದು ತೋಟದ ಕಣದಲ್ಲಿ ಮಧ್ಯಾಹ್ನವನ್ನು ಕಳೆಯಬೇಕಾಯಿತು. ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿದ ಮೇಲೆ ಬೀಜದ ಸುತ್ತ ಒಂದು ಲೋಳೆಯು ಉಳಿಯುತ್ತದೆ. ನೀರಿನಲ್ಲಿ ಎಷ್ಟು ತೊಳೆದರೂ ಅದು ಹೋಗದು. ಅದಕ್ಕಾಗಿ ಬೀಜವನ್ನು ತೊಟ್ಟಿಯಲ್ಲಿ ತುಂಬಿ ಒಂದು ದಿನ, ಚಳಿ ಹೆಚ್ಚಾಗಿದ್ದರೆ ಒಂದೂವರೆ ದಿನ, ಹುಳಿಬರಲು ಬಿಡುತ್ತಾರೆ. ಕಣ್ಣಿಗೆ ಕಾಣದ ಜೀವಿಗಳು ಲೋಳೆಯನ್ನು ಅರಗಿಸಿಬಿಡುತ್ತವೆ. ಅಂಗೈಯಲ್ಲಿ ಹಿಡಿದು ಉಜ್ಜಿದಾಗ ಬೀಜವು ಜಾರದೆ ಹರಳಿನಂತೆ ಒರಟಾಗಿ ಸದ್ದುಮಾಡಿದರೆ ಕೆಲಸ ಮುಗಿಯಿತೆಂದು ಅರ್ಥ. ‘ತಿಕ್ಕಿದ್ರೆ ಹೋಗೋ ಲೋಳೆಯಲ್ಲ ಸಾರ್ ಇದು, ಹುಳಿ ಬಂದ್ಮೇಲೆ ತಾನೇ ಬಿಡ್ತದೆ’ ಎಂದು ಅಲ್ಲಿನ ಮೇಸ್ತ್ರಿ ಹೇಳಿದನು. ಹಟ್ಟಿಯ ಗಣಿಯ ಕುರಿತು ಆಗ ತಾನೇ ಓದುತ್ತಿದ್ದ ನಮಗೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಲೋಹವಿಜ್ಞಾನಿಗಳು ಹಲವು ಪುಟಗಳಲ್ಲಿ ವಿವರಿಸುವ ತತ್ತ್ವ ಇದೇ ಆಗಿದೆ. ಹುಳಿಯು ಬೀಜವನ್ನು ಮುಟ್ಟುವುದಿಲ್ಲ, ಅದರ ಹೊದಿಕೆಯನ್ನು ಮಾತ್ರ ತೆಗೆಯುತ್ತದೆ. ಚಿನ್ನದ ವಿಷಯದಲ್ಲಿಯೂ ಬ್ಯಾಕ್ಟೀರಿಯಾಗಳು ಚಿನ್ನವನ್ನು ಮುಟ್ಟುವುದಿಲ್ಲ.

ಹಾಗಾದರೆ ಚಿನ್ನದ ಹೊದಿಕೆ ಯಾವುದು? ಚಿನ್ನವು ಕಲ್ಲಿನಲ್ಲಿ ಎರಡು ರೀತಿಯಾಗಿ ಇರುವುದುಂಟು. ಮೊದಲನೆಯದು ಬೆಣಚುಕಲ್ಲಿನ ಎಳೆಗಳಲ್ಲಿ ಬಿಡಿಕಣಗಳಾಗಿ ಇರುವ ಚಿನ್ನ. ಕಲ್ಲನ್ನು ಕುಟ್ಟಿ ಪುಡಿಮಾಡಿ ನೀರಿನಲ್ಲಿ ಜಾಲಿಸಿದರೆ ಭಾರವಾದ ಚಿನ್ನವು ತಳದಲ್ಲಿ ನಿಲ್ಲುತ್ತದೆ. ನಮ್ಮ ನಾಡಿನಲ್ಲಿ ಹಳ್ಳಗಳ ಮರಳನ್ನೂ ಅಕ್ಕಸಾಲೆಯ ಕಸವನ್ನೂ ತೊಳೆದು ಚಿನ್ನ ತೆಗೆಯುತ್ತಿದ್ದ ಜಲಗಾರರ ಕಸುಬು ಇದೇ. 1802ರಲ್ಲಿ ಮೈಸೂರು ಸೀಮೆಯ ಮೋಜಣಿಯಲ್ಲಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಕೋಲಾರದ ಮಾರಿಕುಪ್ಪಮ್ಮಿನಲ್ಲಿ ಕಂಡುದೂ ಇದನ್ನೇ: ಗಂಡಸರು ಕಲ್ಲನ್ನು ಕುಳಿಯಿಂದ ಮೇಲಕ್ಕೆ ಸಾಗಿಸುತ್ತಿದ್ದರು, ಹೆಂಗಸರು ಬಂಡೆಯ ಮೇಲೆ ಅದನ್ನು ಕುಟ್ಟಿ ಪುಡಿಮಾಡುತ್ತಿದ್ದರು, ಅನಂತರ ತೊಳೆಯುತ್ತಿದ್ದರು.

ಎರಡನೆಯ ರೀತಿಯ ಚಿನ್ನವು ಇಷ್ಟು ಸುಲಭವಾಗಿ ಕೈಗೆ ಬಾರದು. ಅದು ಪೈರೈಟ್, ಆರ್ಸೆನೋಪೈರೈಟ್ ಎಂಬ ಖನಿಜಗಳ ಹರಳಿನ ಒಳಗೆ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ ಕಣಗಳಾಗಿ ಹುದುಗಿರುತ್ತದೆ. ಪೈರೈಟ್ ಎಂದರೆ ಕಬ್ಬಿಣವೂ ಗಂಧಕವೂ ಕೂಡಿದ ಹೊಂಬಣ್ಣದ ಖನಿಜ. ಆರ್ಸೆನೋಪೈರೈಟಿನಲ್ಲಿ ಇವೆರಡರ ಜೊತೆಗೆ ಪಾಷಾಣವೂ ಇರುತ್ತದೆ. ಕಲ್ಲನ್ನು ಎಷ್ಟು ನುಣ್ಣಗೆ ಅರೆದರೂ ಪ್ರತಿಯೊಂದು ಕಣದ ಸುತ್ತಲೂ ಖನಿಜದ ಕವಚವು ಉಳಿದೇ ಇರುತ್ತದೆ. 1887ರಲ್ಲಿ ಗ್ಲಾಸ್ಗೋ ನಗರದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಜಗತ್ತಿನ ಚಿನ್ನದ ಉತ್ಪನ್ನವನ್ನೇ ಅದು ಬದಲಾಯಿಸಿತು. ಆದರೂ ದ್ರಾವಣವು ಒಳಹೊಗಲು ದಾರಿಯಿಲ್ಲದ ಕವಚದ ಮುಂದೆ ಸಯನೈಡೂ ನಿಸ್ಸಹಾಯಕವಾಗುತ್ತದೆ. ನೇರವಾಗಿ ಸಯನೈಡಿಗೆ ಒಡ್ಡಿದಾಗ ನೂರಕ್ಕೆ 80 ಪಾಲಿಗಿಂತ ಕಡಮೆ ಚಿನ್ನವನ್ನು ಕೊಡುವ ಅದಿರನ್ನು ಸಾಮಾನ್ಯವಾಗಿ ‘ದುಸ್ಸಾಧ್ಯ’ ವರ್ಗಕ್ಕೆ ಸೇರಿಸುತ್ತಾರೆ. ಕೆಲವು ಅದಿರುಗಳು ಅರ್ಧವನ್ನೂ ಕೊಡುವುದಿಲ್ಲ.

ಈ ಕವಚವನ್ನು ಮುರಿಯಲು ಹಳೆಯ ಉಪಾಯವೆಂದರೆ ಹುರಿಯುವುದು. ಬೆಂಕಿಯಲ್ಲಿ ಗಂಧಕವು ಸುಟ್ಟುಹೋಗಿ ಖನಿಜವು ರಂಧ್ರಮಯವಾಗುತ್ತದೆ. ಆದರೆ ಆ ಹೊಗೆಯು ಗಂಧಕದ ಹೊಗೆ. ಆರ್ಸೆನೋಪೈರೈಟ್ ಇದ್ದರೆ ಬಿಳಿ ಪಾಷಾಣದ ಹೊಗೆಯೂ ಸೇರುತ್ತದೆ. ಊರಿನ ಪಕ್ಕದಲ್ಲಿ ಅಂಥ ಕುಲುಮೆಯನ್ನು ನಡೆಸಲು ಇಂದು ಯಾರೂ ಒಪ್ಪಲಾರರು. ಆಮ್ಲಜನಕವನ್ನು ತುಂಬಿ ಅಧಿಕ ಒತ್ತಡದಲ್ಲಿ ಬೇಯಿಸುವ ಯಂತ್ರಗಳೂ ಉಂಟು. ಅವುಗಳ ವೆಚ್ಚವನ್ನು ಸಣ್ಣ ಗಣಿಗಳು ಹೊರಲಾರವು. ಮೂರನೆಯ ಉಪಾಯವೇ ಬ್ಯಾಕ್ಟೀರಿಯಾ.

ಈ ಜೀವಿಯ ಪರಿಚಯವು ಮನುಷ್ಯನಿಗೆ ಆದುದು ಬಹಳ ತಡವಾಗಿ. ಅದರ ಕೆಲಸದಿಂದ ಲಾಭ ಪಡೆದುದು ಮಾತ್ರ ಶತಮಾನಗಳ ಹಿಂದೆಯೇ. ಹನ್ನೊಂದನೆಯ ಶತಮಾನದ ಚೀನಾದಲ್ಲಿ, ಸುಂಗ್ ವಂಶದ ಆಳ್ವಿಕೆಯಲ್ಲಿ, ಗಣಿಯಿಂದ ಹರಿದುಬರುವ ಮೈಲುತುತ್ತದ ನೀರಿನಲ್ಲಿ ಕಬ್ಬಿಣವನ್ನು ಅದ್ದಿ ತಾಮ್ರವನ್ನು ಪಡೆಯುತ್ತಿದ್ದರು. ಸ್ಪೇನಿನ ರಿಯೊ ಟಿಂಟೊ ಗಣಿಗಳಲ್ಲಿ ಹದಿನೆಂಟನೆಯ ಶತಮಾನದಲ್ಲಿ ಅದಿರಿನ ರಾಶಿಯ ಮೇಲೆ ನೀರು ಹರಿಸಿ ತಾಮ್ರವನ್ನು ಇಳಿಸುತ್ತಿದ್ದರು. ಕಾಫಿಗೂ ಅಡಕೆಗೂ ಬೋರ್ಡೋ ಮಿಶ್ರಣ ಹೊಡೆಯುವ ಮಲೆನಾಡಿನವರಿಗೆ ಮೈಲುತುತ್ತವೂ, ಹಳೆಯ ವೈದ್ಯರಿಗೆ ಅನ್ನಭೇದಿಯೂ ಚಿರಪರಿಚಿತವಾದ ವಸ್ತುಗಳು. ಮೊದಲನೆಯದು ತಾಮ್ರದ ಲವಣ, ಎರಡನೆಯದು ಕಬ್ಬಿಣದ್ದು. ಗಣಿಗಳ ಆಳದಲ್ಲಿ ಇವು ತಮ್ಮಷ್ಟಕ್ಕೆ ತಾವೇ ಉಂಟಾಗುವುದನ್ನು ಎಲ್ಲರೂ ಕಂಡಿದ್ದರು. ಗಾಳಿ ನೀರುಗಳ ಪ್ರಭಾವವೆಂದು ಸಮಾಧಾನಪಟ್ಟಿದ್ದರು. 1947ರಲ್ಲಿ ಅಮೆರಿಕದ ಕೋಲ್ಮರ್ ಮತ್ತು ಹಿಂಕಲ್ ಎಂಬ ವಿದ್ವಾಂಸರು ಕಲ್ಲಿದ್ದಲ ಗಣಿಯ ಹುಳಿನೀರಿನಲ್ಲಿ ಕಬ್ಬಿಣವನ್ನು ಉತ್ಕರ್ಷಿಸಿ ಬದುಕುವ ಬ್ಯಾಕ್ಟೀರಿಯಾ ಉಂಟೆಂದು ಪ್ರಕಟಿಸಿದರು. 1951ರಲ್ಲಿ ಅದಕ್ಕೆ ಥಯೊಬ್ಯಾಸಿಲಸ್ ಫೆರೊಆಕ್ಸಿಡಾನ್ಸ್ ಎಂಬ ಹೆಸರು ಬಂದಿತು. 2000ದಲ್ಲಿ ಕುಲದ ಹೆಸರು ಅಸಿಡಿಥಯೊಬ್ಯಾಸಿಲಸ್ ಎಂದು ಬದಲಾಯಿತು.

ಇದು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಉದ್ದದ ಕಡ್ಡಿಯಾಕಾರದ ಜೀವಿ. ಇದರ ಆಹಾರಕ್ರಮ ವಿಚಿತ್ರವಾದುದು. ಅನ್ನವಾಗಲಿ ಸಕ್ಕರೆಯಾಗಲಿ ಇದಕ್ಕೆ ಬೇಡ. ಮೈಗೆ ಬೇಕಾದ ಇಂಗಾಲವನ್ನು ಗಾಳಿಯಿಂದಲೇ ತೆಗೆದುಕೊಂಡು, ಕಬ್ಬಿಣವನ್ನೂ ಗಂಧಕವನ್ನೂ ಆಮ್ಲಜನಕದೊಡನೆ ಕೂಡಿಸಿ ಶಕ್ತಿಯನ್ನು ಪಡೆಯುತ್ತದೆ. ಇತರ ಜೀವಿಗಳು ಸಾಯುವಂಥ ಹುಳಿಯಲ್ಲಿ ಇದು ಸುಖವಾಗಿ ಬೆಳೆಯುತ್ತದೆ. ನೀರಿನಲ್ಲಿ ಕರಗಿದ ಕಬ್ಬಿಣವು ಇದರಿಂದ ಫೆರಿಕ್ ಸ್ಥಿತಿಗೆ ಬರುತ್ತದೆ; ಆ ಫೆರಿಕ್ ಕಬ್ಬಿಣವು ಪೈರೈಟನ್ನು ಕೊರೆದು ಕರಗಿಸುತ್ತದೆ; ಕರಗಿಸುವಾಗ ಅದು ಹಿಂದಿನ ಸ್ಥಿತಿಗೆ ಮರಳುತ್ತದೆ; ಬ್ಯಾಕ್ಟೀರಿಯಾ ಅದನ್ನು ಮತ್ತೆ ಫೆರಿಕ್ ಮಾಡುತ್ತದೆ. ಈ ಚಕ್ರವು ತಿರುಗುತ್ತಿರುವವರೆಗೂ ಕವಚವು ಸವೆಯುತ್ತಲೇ ಹೋಗುತ್ತದೆ.

ಇದನ್ನು ಕೈಗಾರಿಕೆಯ ಮಟ್ಟಕ್ಕೆ ಮೊದಲು ತಂದುದು ದಕ್ಷಿಣ ಆಫ್ರಿಕದಲ್ಲಿ, ಬಾರ್ಬರ್ಟನ್ ಸಮೀಪದ ಫೇರ್‌ವ್ಯೂ ಗಣಿಯಲ್ಲಿ, 1986ರಲ್ಲಿ. ಘಾನಾದ ಒಬುವಾಸಿಯಲ್ಲಿ 1994ರಲ್ಲಿ ಇನ್ನೂ ದೊಡ್ಡ ಸ್ಥಾವರವು ಕೆಲಸಕ್ಕೆ ಬಂದಿತು. ಕ್ರಮವು ಹೀಗೆ: ಅದಿರನ್ನು ನುಣ್ಣಗೆ ಅರೆದು, ಸಲ್ಫೈಡ್ ಖನಿಜವನ್ನು ಮಾತ್ರ ನೊರೆಯಲ್ಲಿ ತೇಲಿಸಿ ಬೇರ್ಪಡಿಸಿ, ಆ ಸಾರವನ್ನು ನೀರಿನಲ್ಲಿ ಕಲಸಿ ದೊಡ್ಡ ತೊಟ್ಟಿಗಳಿಗೆ ಬಿಡುತ್ತಾರೆ. ಅಲ್ಲಿ ಬ್ಯಾಕ್ಟೀರಿಯಾಗಳು ಒಂಟಿಯಾಗಿರುವುದಿಲ್ಲ, ಹಲವು ಜಾತಿಗಳು ಕೂಡಿ ಬಾಳುತ್ತವೆ. ಒಂದೇ ಸಮನೆ ಗಾಳಿಯನ್ನು ಊದಬೇಕು, ಕಲಕುತ್ತಿರಬೇಕು, ಸುಮಾರು 40 ಡಿಗ್ರಿ ಸೆಲ್ಷಿಯಸ್ ಕಾವನ್ನು ಕಾಯ್ದುಕೊಳ್ಳಬೇಕು. ಗಂಧಕವು ಉತ್ಕರ್ಷಣಗೊಳ್ಳುವಾಗ ತಾನೇ ಶಾಖವನ್ನು ಬಿಡುವುದರಿಂದ ಇಲ್ಲಿಯ ಕಷ್ಟ ಕಾಯಿಸುವುದಲ್ಲ, ತಂಪುಮಾಡುವುದು. ನಾಲ್ಕರಿಂದ ಆರು ದಿನಗಳ ಮೇಲೆ ಉಳಿದ ಶೇಷವನ್ನು ತೊಳೆದು, ಸುಣ್ಣದಿಂದ ಹುಳಿಯನ್ನು ಮುರಿದು ಸಯನೈಡಿಗೆ ಕೊಡುತ್ತಾರೆ. ಹುಳಿ ಉಳಿದಿರುವ ಕೆಸರಿಗೆ ಸಯನೈಡನ್ನು ಬೆರಸಿದರೆ ಮಾರಕವಾದ ವಿಷಾನಿಲವು ಹೊರಡುವುದು. ಸಯನೈಡಿನ ನೀರು ಅಕಸ್ಮಾತ್ತಾಗಿ ತೊಟ್ಟಿಗೆ ಹಿಂದಿರುಗಿದರೆ ಬ್ಯಾಕ್ಟೀರಿಯಾಗಳೆಲ್ಲ ನಾಶವಾಗುವುವು. ಆದಕಾರಣ ಎರಡು ನೀರುಗಳನ್ನೂ ಎಂದಿಗೂ ಕೂಡದಂತೆ ಇರಿಸುವುದು ಈ ಸ್ಥಾವರಗಳ ಮೊದಲ ನಿಯಮ. ದ್ರವದಲ್ಲಿ ಸೇರಿದ ಪಾಷಾಣವು ಸುಣ್ಣ ಹಾಕಿದಾಗ ಕಬ್ಬಿಣದೊಡನೆ ಕೂಡಿ ಗಟ್ಟಿಯಾಗಿ ತಳಕ್ಕೆ ಇಳಿಯುತ್ತದೆ. ಹೀಗೆ ಸಂಸ್ಕರಿಸಿದ ಅದಿರಿನಿಂದ ನೂರಕ್ಕೆ 90 ಪಾಲಿಗಿಂತ ಹೆಚ್ಚು ಚಿನ್ನವನ್ನು ಪಡೆಯುವುದು ಸಾಧ್ಯವಾಗಿದೆ.

ಕರ್ನಾಟಕದಲ್ಲಿ ಈ ಅಧ್ಯಯನವು ನಡೆದುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಲೋಹವಿಜ್ಞಾನ ವಿಭಾಗದ ಪ್ರೊ. ಕೆ. ಎ. ನಟರಾಜನ್ ಅವರೂ, ರಾಸಾಯನಿಕ ಎಂಜಿನಿಯರಿಂಗ್ ವಿಭಾಗದ ಪ್ರೊ. ಜಯಂತ ಮೋದಕ್ ಅವರೂ, ಅವರ ಸಂಗಡಿಗರೂ ಎತ್ತಿಕೊಂಡ ಅದಿರು ನಮ್ಮದೇ ನಾಡಿನದು. ಚಿತ್ರದುರ್ಗದ ಸಮೀಪದ ಜಿ. ಆರ್. ಹಳ್ಳಿಯಲ್ಲಿ, ಎಂದರೆ ಗುಡ್ಡದ ರಂಗವ್ವನಹಳ್ಳಿಯಲ್ಲಿ, ಹಟ್ಟಿ ಚಿನ್ನದ ಗಣಿ ಕಂಪನಿಯವರು ತೆಗೆಯುತ್ತಿದ್ದ ಅದಿರಿನ ಚಿನ್ನವು ಪೈರೈಟ್ ಆರ್ಸೆನೋಪೈರೈಟ್‌ಗಳಲ್ಲಿ ಸೆರೆಯಾಗಿದ್ದುದು. ಪಾಷಾಣವು ಬ್ಯಾಕ್ಟೀರಿಯಾಕ್ಕೂ ವಿಷವೇ. ಅದಕ್ಕೆ ಅವರು ಅನುಸರಿಸಿದ ದಾರಿಯು ನಮ್ಮ ಅಡಿಗೆಮನೆಗಳಿಗೆ ಅಪರಿಚಿತವಲ್ಲ. ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವಂತೆ, ಅದಿರಿನ ಕೆಸರಿನಲ್ಲಿ ಬೆಳೆದ ಬ್ಯಾಕ್ಟೀರಿಯಾಗಳನ್ನು ತೆಗೆದು ಮುಂದಿನ ಕೆಸರಿಗೆ ಹಾಕುತ್ತ, ಪ್ರತಿ ಸಲವೂ ಅದಿರಿನ ಪ್ರಮಾಣವನ್ನು ಹೆಚ್ಚಿಸುತ್ತ ಹೋದರೆ, ಬದುಕಿ ಉಳಿದ ಸಂತತಿಯು ವಿಷವನ್ನು ಸಹಿಸುವ ಸಂತತಿಯಾಗುತ್ತದೆ. ಪ್ರಯೋಗಶಾಲೆಯ ಸೀಸೆಯಿಂದ ಹೊರಟ ಈ ಕೆಲಸವು ಹಟ್ಟಿಯಲ್ಲಿ ಪ್ರದರ್ಶನಕ್ಕಾಗಿ ಕಟ್ಟಿದ ಸ್ಥಾವರದವರೆಗೆ ಮುಂದುವರಿಯಿತು.

ಇಷ್ಟು ವಿಜ್ಞಾನವನ್ನು ಚರಿತ್ರೆಯ ಪತ್ರಿಕೆಯಲ್ಲಿ ಬರೆಯಬೇಕಾದ ಕಾರಣವನ್ನು ಈಗ ಹೇಳಬಹುದು. ತೊಟ್ಟಿಯಲ್ಲಿ ಐದಾರು ದಿನಗಳಲ್ಲಿ ಆಗುವ ಕೆಲಸವನ್ನು ಪ್ರಕೃತಿಯು ನೆಲದ ಮೇಲ್ಪದರದಲ್ಲಿ ಲಕ್ಷಾಂತರ ವರ್ಷಗಳಿಂದ ಮಾಡುತ್ತಲೇ ಬಂದಿದೆ. ಸಲ್ಫೈಡ್ ಇರುವ ಪಟ್ಟೆಯು ಎಲ್ಲಿ ನೆಲದ ಮೇಲೆ ಬಾಯಿ ತೆರೆದಿರುವುದೋ ಅಲ್ಲಿ ಮಳೆಯ ನೀರೂ ಗಾಳಿಯೂ ಒಳಗಿಳಿಯುತ್ತವೆ; ಅವುಗಳೊಡನೆ ಈ ಜೀವಿಗಳೂ ಇಳಿಯುತ್ತವೆ. ಪೈರೈಟ್ ಕೊಳೆತು ತುಕ್ಕಿನ ಬಣ್ಣದ ಕೆಮ್ಮಣ್ಣಾಗುತ್ತದೆ; ಸೆರೆಯಲ್ಲಿದ್ದ ಚಿನ್ನವು ಬಿಡಿಯಾಗುತ್ತದೆ. ಅಂತರ್ಜಲದ ಮಟ್ಟವನ್ನು ದಾಟಿದ ಮೇಲೆ ಗಾಳಿಯ ಪ್ರವೇಶವಿಲ್ಲ. ಅಲ್ಲಿಂದ ಕೆಳಗೆ ಕವಚವು ಮೊದಲಿದ್ದಂತೆಯೇ ಇರುತ್ತದೆ. ಒರಳು, ನೀರು, ಮರಿಗೆಗಳಲ್ಲದೆ ಬೇರೆ ಸಾಧನವಿಲ್ಲದ ಪ್ರಾಚೀನ ಗಣಿಗಾರನ ದೃಷ್ಟಿಯಿಂದ ಇದನ್ನು ನೋಡೋಣ. ಮೇಲಿನ ಕೆಂಪು ಪದರದಲ್ಲಿ ಕುಟ್ಟಿ ತೊಳೆದಾಗ ಚಿನ್ನ ಸಿಕ್ಕುತ್ತಿತ್ತು. ಕೆಳಗೆ ಇಳಿದಂತೆ ಕಲ್ಲು ಗಟ್ಟಿಯಾಯಿತು, ಹೊಳಪು ಹೆಚ್ಚಿತು, ಮರಿಗೆಯಲ್ಲಿ ಮಾತ್ರ ಏನೂ ನಿಲ್ಲದಾಯಿತು. ಚಿನ್ನ ಮುಗಿಯಿತೆಂದು ಅವನು ತಿಳಿದಿದ್ದರೆ ಅದು ಅವನ ಅಜ್ಞಾನವಲ್ಲ. ಅವನ ವಿಧಾನಕ್ಕೆ ಚಿನ್ನವು ನಿಜವಾಗಿಯೂ ಮುಗಿದಿತ್ತು.

ಈ ವಿವರಣೆಯು ಎಲ್ಲ ಕಡೆಗೂ ಸಲ್ಲುವುದೆಂದು ನಾವು ಹೇಳಿದರೆ ರಾಜವಂಶದ ಪತನವನ್ನೇ ಎಲ್ಲಕ್ಕೂ ಕಾರಣವಾಗಿ ಹೇಳಿದವರ ತಪ್ಪನ್ನೇ ಮತ್ತೆ ಮಾಡಿದಂತಾಗುವುದು. ಹಟ್ಟಿಯನ್ನೇ ನೋಡಬಹುದು. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಈ ಗಣಿಯಲ್ಲಿ ಹಳಬರು 600 ಅಡಿಗೂ ಮಿಕ್ಕ ಆಳಕ್ಕೆ ಇಳಿದಿದ್ದರು. ಅಂತರ್ಜಲದ ಮಟ್ಟವನ್ನೂ ಕೆಂಪು ಪದರವನ್ನೂ ಎಂದೋ ದಾಟಿಹೋಗಿದ್ದರು. ಗಣಿಯೊಳಗೆ ಉಳಿದಿದ್ದ ಮರದ ತುಂಡುಗಳ ಇಂಗಾಲ ಪರೀಕ್ಷೆಯು ಸುಮಾರು ಎರಡು ಸಾವಿರ ವರ್ಷಗಳ ಪ್ರಾಚೀನತೆಯನ್ನು ಸೂಚಿಸಿದೆ. ಆದರೆ ಹಟ್ಟಿಯ ಚಿನ್ನವು ಬಹುಮಟ್ಟಿಗೆ ಬಿಡಿಚಿನ್ನ. ಆಳದಲ್ಲಿಯೂ ಕುಟ್ಟಿ ತೊಳೆದರೆ ಸಿಕ್ಕುವಂಥದು. ಕೋಲಾರದ ಚಾಂಪಿಯನ್ ಪಟ್ಟೆಯೂ ಇದೇ ಜಾತಿಯದು. ಅಲ್ಲಿ ಹಳೆಯ ಕುಳಿಗಳ ಕೆಳಗೆ ಏನೂ ಇಲ್ಲವೆಂದು ಕಂಪನಿಯವರೂ ಕೈಬಿಡುವ ಸ್ಥಿತಿಗೆ ಬಂದಿದ್ದಾಗ, 1880ರ ದಶಕದ ನಡುವೆ ಕ್ಯಾಪ್ಟನ್ ಪ್ಲಮರ್ ಅವರು ಇನ್ನೂ ಕೆಳಕ್ಕೆ ತೋಡಿಸಿ ಸಮೃದ್ಧವಾದ ಪಟ್ಟೆಯನ್ನು ಕಂಡರು. 2001ರ ಫೆಬ್ರವರಿ 28ರಂದು ಮುಚ್ಚುವವರೆಗೂ ಆ ಗಣಿಗಳು 800 ಟನ್ನುಗಳಷ್ಟು ಚಿನ್ನವನ್ನು ಕೊಟ್ಟು, ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದುವು. ಕೋಲಾರದಲ್ಲಿ ಹಳಬರನ್ನು ನಿಲ್ಲಿಸಿದುದು ಅದಿರಲ್ಲ. ನೀರೋ ಬಂಡೆಯೋ ಅರಸೊತ್ತಿಗೆಯೋ ಇರಬೇಕು. ಆದರೆ ಅದೇ ಕೋಲಾರದ ಪಶ್ಚಿಮದ ಪಟ್ಟೆಗಳಲ್ಲಿ ಚಿನ್ನವು ಸಲ್ಫೈಡಿನ ಸಂಗಡ ಇದೆ. ಒಂದೇ ಊರಿನಲ್ಲಿ, ಒಂದೇ ಅರಸನ ಆಳ್ವಿಕೆಯಲ್ಲಿ, ಒಂದು ಪಟ್ಟೆಯು ಗಣಿಗಾರನಿಗೆ ಒಲಿದು ಇನ್ನೊಂದು ಒಲಿಯದೆ ಇದ್ದಿರಬಹುದೆಂಬುದನ್ನು ರಾಜಕೀಯ ಕಾರಣವು ಎಂದಿಗೂ ವಿವರಿಸಲಾರದು.

ಪ್ರಾಚೀನರಿಗೆ ದುಸ್ಸಾಧ್ಯ ಅದಿರಿನ ಅರಿವೇ ಇರಲಿಲ್ಲವೆಂದು ಭಾವಿಸಬಾರದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಕರಾಧ್ಯಕ್ಷನ ಪ್ರಕರಣವೊಂದಿದೆ. ಅದಿರುಗಳನ್ನು ತೀಕ್ಷ್ಣವಾದ ಮೂತ್ರದಲ್ಲಿಯೂ ಕ್ಷಾರದಲ್ಲಿಯೂ ನೆನೆಸಿ ಶುದ್ಧಿಮಾಡುವ ಕ್ರಮವನ್ನು ಅಲ್ಲಿ ಹೇಳಿದೆ. ಕುಟ್ಟಿದ ಮಾತ್ರಕ್ಕೆ ಬಾರದ ಲೋಹವುಂಟೆಂಬುದು ತಿಳಿದಿದ್ದವರ ಮಾತು ಅದು. ಕನ್ನಡ ನಾಡಿನ ಕುಳಿಗಳಲ್ಲಿ ಕೆಲಸಮಾಡಿದವರು ಇದನ್ನು ಬಲ್ಲವರಾಗಿದ್ದರೆಂದು ಗ್ರಂಥದ ಆಧಾರದಿಂದಲೇ ಹೇಳಲಾಗದು. ಆದರೆ ಅವರ ಕೈಯಲ್ಲಿ ಬೆಂಕಿಯಿತ್ತು. ಬಂಡೆಯ ಮುಖಕ್ಕೆ ಸೌದೆಯನ್ನು ಒಟ್ಟಿ ಉರಿಸಿ, ಕಾದ ಕಲ್ಲನ್ನು ಬಿರುಕುಬಿಡಿಸಿ ಒಡೆಯುವುದು ಹಳೆಯ ಗಣಿಗಳ ಸಾಮಾನ್ಯ ಪದ್ಧತಿ. ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ ಅವರು 1962ರಲ್ಲಿ ಭಾರತದ ಪ್ರಾಚೀನ ಚಿನ್ನದ ಗಣಿಗಾರಿಕೆಯ ವಿಧಾನಗಳನ್ನು ಕುರಿತು ಬರೆದ ಪ್ರಬಂಧವು ಈ ವಿಷಯದಲ್ಲಿ ಇಂದಿಗೂ ಓದತಕ್ಕದ್ದು. ಸಲ್ಫೈಡ್ ಇರುವ ಕಲ್ಲಿನ ಮೇಲೆ ಉರಿಯು ಬಿದ್ದರೆ ಅರ್ಧ ಹುರಿದಂತೆಯೇ ಆಗುವುದು. ಬೆಂದ ಕಲ್ಲು ಬೇಯದ ಕಲ್ಲಿಗಿಂತ ಹೆಚ್ಚು ಚಿನ್ನ ಕೊಡುವುದನ್ನು ಗಂಧಕದ ಘಾಟಿನ ನಡುವೆ ಯಾರಾದರೂ ಗಮನಿಸಿದ್ದರೇ ಎಂಬುದು ನಮ್ಮ ಊಹೆಯ ಪ್ರಶ್ನೆ. ಊಹೆಯೆಂದೇ ಅದನ್ನು ಇಲ್ಲಿ ಬಿಡುತ್ತೇವೆ.

ಊಹೆಯನ್ನು ಪರೀಕ್ಷೆಗೆ ಒಡ್ಡುವ ಮಾರ್ಗವಂತೂ ಉಂಟು, ಅದು ದುಬಾರಿಯೂ ಅಲ್ಲ. ಹಳೆಯ ಕುಳಿಗಳ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಸ ಬಿದ್ದಿರುತ್ತದೆ: ಕುಟ್ಟಿ ತೊಳೆದು ಎಸೆದ ಪುಡಿ, ಮತ್ತು ಕುಟ್ಟದೆಯೇ ಬದಿಗೆ ಹಾಕಿದ ಗಟ್ಟಿ ಕಲ್ಲು. ಪುಡಿಯಲ್ಲಿ ಚಿನ್ನವು ಸಲ್ಫೈಡಿನೊಳಗೆ ಹುದುಗಿ ಉಳಿದಿದ್ದರೆ ಗಣಿಗಾರನು ಪ್ರಯತ್ನಿಸಿ ಸೋತನೆಂದು ಹೇಳಬಹುದು. ಕುಟ್ಟದೆ ಎಸೆದ ಕಲ್ಲು ಹೊಳೆಯುವ ಪೈರೈಟಿನ ಕಲ್ಲೇ ಆಗಿದ್ದರೆ, ಆ ಸೋಲಿನಿಂದ ಅವನು ಪಾಠವನ್ನೂ ಕಲಿತಿದ್ದನೆಂದು ಹೇಳಬಹುದು. ಎರಡರಲ್ಲಿಯೂ ಚಿನ್ನವಿಲ್ಲದಿದ್ದರೆ ಪಟ್ಟೆಯೇ ಬರಿದಾಯಿತು. ಕುಳಿಯ ತಳದ ಅದಿರು ಬಿಡಿಚಿನ್ನದ್ದಾಗಿದ್ದೂ ಕೆಲಸ ನಿಂತಿದ್ದರೆ, ಆಗ ನೀರನ್ನೋ ರಾಜಕೀಯವನ್ನೋ ವಿಚಾರಿಸೋಣ. ಸಾವಿರ ವರ್ಷ ಬಿಸಿಲು ಮಳೆಗೆ ಬಿದ್ದಿರುವ ಪುಡಿಯಲ್ಲಿ ಬ್ಯಾಕ್ಟೀರಿಯಾಗಳು ತಮ್ಮ ಕೆಲಸವನ್ನು ಮುಂದುವರಿಸಿರುತ್ತವೆ ಎಂಬುದನ್ನು ಮಾತ್ರ ಮರೆಯಬಾರದು. ಮೇಲ್ಪದರದ ಮಾದರಿಯು ಮೋಸಮಾಡುವುದು; ರಾಶಿಯ ಗರ್ಭದಿಂದಲೂ, ಪುಡಿಗಿಂತ ಗಟ್ಟಿಯಾಗಿ ಉಳಿದ ತುಂಡುಗಳಿಂದಲೂ ಮಾದರಿಯನ್ನು ತೆಗೆಯಬೇಕು.

ಹೀಗೆ ಕೇಳುವಾಗ ಕಾಲವೂ ನಮ್ಮನ್ನು ಅವಸರಪಡಿಸುತ್ತದೆ. ಚಿನ್ನದ ಬೆಲೆ ಏರಿದಂತೆಲ್ಲ ಹಳೆಯ ಕಸದ ರಾಶಿಗಳು ಹೊಸ ಅದಿರಾಗುತ್ತವೆ. ಸಯನೈಡಿನ ಸುಧಾರಿತ ಕ್ರಮಗಳಿಂದಾಗಲಿ ಬ್ಯಾಕ್ಟೀರಿಯಾದಿಂದಾಗಲಿ, ನಿನ್ನೆ ಲಾಭವಿಲ್ಲದ ಗುಡ್ಡೆಯನ್ನು ಇಂದು ಕರಗಿಸುವುದು ಲಾಭಕರವಾಗುತ್ತದೆ. ಕೋಲಾರದಲ್ಲಿ ಊರಿನ ಸುತ್ತ ಬೆಟ್ಟಗಳಂತೆ ನಿಂತಿರುವ ಸಯನೈಡ್ ದಿಬ್ಬಗಳ ಮರುಸಂಸ್ಕರಣದ ಮಾತು ಗಣಿ ಮುಚ್ಚಿದಂದಿನಿಂದ ನಿಂತೇ ಇಲ್ಲ. ಅವು ಆಧುನಿಕ ರಾಶಿಗಳು, ಅವುಗಳ ಲೆಕ್ಕಪುಸ್ತಕಗಳೂ ಉಂಟು. ಆದರೆ ಲೆಕ್ಕಪುಸ್ತಕವಿಲ್ಲದ ಪ್ರಾಚೀನ ರಾಶಿಗಳಿಗೆ ಆ ರಾಶಿಯೇ ಲೆಕ್ಕಪುಸ್ತಕ. ಅದು ಗಿರಣಿಗೆ ಹೋದ ದಿನ, ಅಲ್ಲಿ ದುಡಿದವರು ಎಲ್ಲಿಯವರೆಗೆ ತಿಳಿದಿದ್ದರು, ಎಲ್ಲಿ ಸೋತರು ಎಂಬುದಕ್ಕಿದ್ದ ಸಾಕ್ಷ್ಯವೂ ಕರಗಿಹೋಗುವುದು.

ಚರಿತ್ರಕಾರನಿಗೂ ಚಿನ್ನ ಹುಡುಕುವವನಿಗೂ ನಮ್ಮ ನಾಡಿನಲ್ಲಿ ಹಳೆಯ ಋಣಾನುಬಂಧವಿದೆ. ಹಟ್ಟಿಗೆ ದೂರವಲ್ಲದ ಮಸ್ಕಿಯಲ್ಲಿ ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಬಂಡೆಯ ಶಾಸನವನ್ನು 1915ರಲ್ಲಿ ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಅವರು ಹೊರಟಿದ್ದುದು ಚಿನ್ನದ ಶೋಧಕ್ಕೆ. ಶಾಸನವನ್ನು ಅವರು ನೋಡಿ ಸುಮ್ಮನೆ ಮುಂದೆ ಹೋಗಿದ್ದರೆ ದೇವಾನಾಂಪ್ರಿಯನೇ ಅಶೋಕನೆಂಬುದನ್ನು ಶಾಸನದಿಂದಲೇ ಸ್ಥಾಪಿಸಲು ನಾವು ಇನ್ನೆಷ್ಟು ಕಾಲ ಕಾಯಬೇಕಾಗುತ್ತಿತ್ತೋ. ಕೆಂಪಿನಕೋಟೆಯ ರಾಶಿಗಳಿಂದ ಮಾದರಿಯನ್ನು ತೆಗೆಯುವ ಪ್ರಸ್ತಾಪವನ್ನು ವಿಭಾಗದ ಮುಂದೆ ಇರಿಸಿದ್ದೇವೆ. ಅದಕ್ಕೆ ಬೇಕಾದುದು ಗಣಿ ಇಲಾಖೆಯ ಅನುಮತಿ, ಒಬ್ಬ ಭೂವಿಜ್ಞಾನಿ, ಮತ್ತು ಕೆಲವು ಚೀಲಗಳು.